ಪುಟ್ಟ ಕೈಗೊಂದು ತುಂಡು
ಎಂಟು ತಿಂಗಳು ತುಂಬುವ ಹೊತ್ತಿಗೆ ಹೆಚ್ಚಿನ ಮಕ್ಕಳು ತಟ್ಟೆಯಲ್ಲಿದ್ದುದನ್ನು ತಾವೇ ಹಿಡಿದು ಬಾಯಿಗಿಡಲು ಹೊರಡುತ್ತಾರೆ. ಆಗಲೂ ಎಲ್ಲವನ್ನೂ ನುಣ್ಣಗೆ ರುಬ್ಬಿ ಚಮಚದಲ್ಲೇ ಉಣಿಸುತ್ತ ಕೂರುವುದು ಸರಿಯಲ್ಲ. ಹಾಗೆಂದು ಅಂಗಡಿಯ ಬಿಸ್ಕತ್ತು ಕೈಗಿಡಬೇಕಿಲ್ಲ, ಬೇಕಾದ್ದೆಲ್ಲ ನಮ್ಮ ಅಡುಗೆಮನೆಯಲ್ಲೇ ಇದೆ. ಹಬೆಯಲ್ಲಿ ಬೆಂದ ಸಿಹಿಗೆಣಸು, ಕ್ಯಾರೆಟ್, ಸಿಹಿಗುಂಬಳವನ್ನು ಬೆರಳುದ್ದ ಹೆಚ್ಚಿ. ಎರಡು ಬೆರಳ ನಡುವೆ ಒತ್ತಿದರೆ ಹಿಸುಕಿಹೋಗಬೇಕು, ಅದೇ ಹದ. ಉಪ್ಪು ಹಾಕುವ ಮುನ್ನ ಎತ್ತಿಟ್ಟ ಹಿಟ್ಟಿನಲ್ಲಿ ಮಗುವಿಗೊಂದು ಇಡ್ಲಿ ಬೇಯಿಸಿ, ತುಸು ತುಪ್ಪ ಸವರಿ. ಎಲ್ಲಕ್ಕಿಂತ ನನಗೆ ಮೆಚ್ಚು ರಾಗಿ ದೋಸೆ. ರಾಗಿ ಹಿಟ್ಟಿಗೆ ಮಾಗಿದ ಬಾಳೆಹಣ್ಣು ಕಿವುಚಿ, ನೀರು ಬೆರೆಸಿ, ದಪ್ಪಗೆ ಹುಯ್ದು ಮುಚ್ಚಿ ಬೇಯಿಸಿದರೆ ಮೆತ್ತಗಿರುತ್ತದೆ, ಸಕ್ಕರೆಯೇ ಬೇಡ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಯಾವ ಹಿರಿಯರು ಹೇಳಿದರೂ ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಲೇಬೇಡಿ. ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಮಗುವನ್ನು ನೆಟ್ಟಗೆ ಕೂರಿಸಿ, ತಿಂದು ಮುಗಿಸುವವರೆಗೆ ಪಕ್ಕದಲ್ಲೇ ಇರಿ.