ನಮ್ಮ ಕೇರಿಯ ಫೋಟೊ ಯಾರು ತೆಗೀಬೇಕು?



ಭಾನುವಾರ ಬೆಳಿಗ್ಗೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ ಹೋದ್ರೆ ಕೊರಳಿಗೆ ಕ್ಯಾಮೆರಾ ನೇತು ಹಾಕಿಕೊಂಡ ಹುಡುಗ ಹುಡುಗಿಯರು ಗುಂಪಾಗಿ ಓಡಾಡೋದು ಕಾಣುತ್ತೆ. ಇದಕ್ಕೆ ಸ್ಟ್ರೀಟ್ ಫೋಟೊಗ್ರಫಿ ಅಂತಾರೆ. ಬೀದಿಯಲ್ಲಿ ಕಂಡದ್ದನ್ನ ಕಂಡ ಹಾಗೆ ಹಿಡಿಯೋದು. ಒಳ್ಳೆ ಕಲೆನೇ. ಆದ್ರೆ ಆ ಫೋಟೊಗಳು ಫೇಸ್‌ಬುಕ್ಕಿಗೆ ಬಂದಾಗ ಒಂದು ಗಮನಿಸಿ. ಪೊರಕೆ ಹಿಡಿದ ಪೌರಕಾರ್ಮಿಕ ತಾಯಿ ಇರ್ತಾಳೆ, ಮೂಟೆ ಹೊತ್ತ ಅಣ್ಣ ಇರ್ತಾನೆ. ಕೆಳಗೆ ಫೋಟೊ ತೆಗೆದವರ ಹೆಸರಿರುತ್ತೆ. ಆ ತಾಯಿಯ ಹೆಸರು? ಇಲ್ಲ. "ಬದುಕಿನ ಹೋರಾಟ" ಅಂತ ಒಂದು ತಲೆಬರಹ, ಅಷ್ಟೆ.

ಆ ತಾಯಿ ನಮ್ಮ ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ ಕಡೆಯವಳೇ ಇರಬಹುದು. ಮಳೆ ಕೈಕೊಟ್ಟು, ಕೂಲಿ ಸಿಗದೆ ಬೆಂಗಳೂರು ಸೇರಿದವರು ಒಬ್ರಾ ಇಬ್ರಾ? ಮನೆಯಲ್ಲಿ ತೆಲುಗು, ಕೆಲಸದಲ್ಲಿ ಕನ್ನಡ. ಅವಳಿಗೆ ಸೋಬಾನೆ ಪದ ಬರುತ್ತೆ, ಊರಲ್ಲಿ ನಂಟಸ್ತನ ಇದೆ, ಮಗಳನ್ನ ಕಾಲೇಜಿಗೆ ಕಳಿಸ್ತಿದ್ದಾಳೆ. ಫೋಟೊದಲ್ಲಿ ಮಾತ್ರ ಪೊರಕೆ ಒಂದೇ ಉಳೀತು.

ಊರು ಬಿಟ್ಟು ಹೋದವರ ಬದುಕನ್ನ ಬೇರೆ ಥರಾ ನೋಡಿದವರೂ ಇದ್ದಾರೆ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಇದೆಯಲ್ಲ, ಅದರ ಉತ್ತರಕ್ಕೆ ವಾಷಿಂಗ್ಟನ್ ಹೈಟ್ಸ್ ಅಂತ ಒಂದು ಬಡಾವಣೆ. ಕೆರಿಬಿಯನ್ ಸಮುದ್ರದ ಡೊಮಿನಿಕನ್ ದೇಶದಿಂದ ದುಡಿಯೋಕೆ ಬಂದ ಜನ ಅಲ್ಲಿ ಬೇರು ಬಿಟ್ಟರು. 1960ರ ದಶಕದಲ್ಲಿ ವಿನ್‌ಸ್ಟನ್ ವರ್ಗಾಸ್ ಅನ್ನೋ ಅದೇ ಸಮುದಾಯದವರು ಆ ಬೀದಿಗಳ ಫೋಟೊ ತೆಗೆದರು. ಅವರಿಗೆ ಅಲ್ಲಿನ ಜನ 'ಬಡ ವಲಸಿಗರು' ಆಗಿರಲಿಲ್ಲ, ನೆರೆಹೊರೆಯವರಾಗಿದ್ರು. ಇವತ್ತು ಆ ಫೋಟೊಗಳು ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿವೆ. ಅಲ್ಲಿನ ಮೊಮ್ಮಕ್ಕಳು "ನಮ್ಮ ತಾತಂದಿರು ಹೀಗೆ ಬದುಕಿದ್ರು" ಅಂತ ತೋರಿಸಬಹುದು.

ನಾವು ಏನು ತೋರಿಸ್ತೀವಿ?

ನಾನೊಬ್ಬ ಗುಮಾಸ್ತ. ಅರ್ಜಿಗೆ ಅಂಟಿಸಿದ ಪಾಸ್‌ಪೋರ್ಟ್ ಸೈಜಿನ ಫೋಟೊಗಳನ್ನ ದಿನಾ ನೋಡ್ತೀನಿ. ನಮ್ಮ ಎಷ್ಟೋ ಹಿರಿಯರು ಜೀವಮಾನದಲ್ಲಿ ತೆಗೆಸಿದ್ದು ಅದೊಂದೇ, ಅದೂ ಪಿಂಚಣಿಗೋ ರೇಷನ್ ಕಾರ್ಡಿಗೋ. ತೀರಿಕೊಂಡಾಗ ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕ್ತೀವಿ. ಆ ಮುಖದಲ್ಲಿ ನಗು ಇರಲ್ಲ. ಸರ್ಕಾರದ ಮುಂದೆ ನಿಂತ ಹೆದರಿಕೆ ಇರುತ್ತೆ.

ಪತ್ರಿಕೆಗಳಲ್ಲಿ ನಾವು ಯಾವಾಗ ಬಂದ್ವಿ? 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನ ಜೀವಂತ ಸುಟ್ಟಾಗ ಬಂದ್ವಿ. ಆ ಚಿತ್ರಗಳು ಇರಲೇಬೇಕು, ಅವು ಸಾಕ್ಷಿ. ಮರೆಯೋ ಹಕ್ಕು ಯಾರಿಗೂ ಇಲ್ಲ. ಆದ್ರೆ ನಾವು ಸುಟ್ಟಾಗ ಮಾತ್ರ ಕ್ಯಾಮೆರಾಗೆ ಕಾಣೋದು ಅಂದ್ರೆ, ನಾವು ಬದುಕಿದ್ದಕ್ಕೆ ಸಾಕ್ಷಿ ಯಾರು?

ಫೋಟೊದ ಬೆಲೆ ನಮಗೆ ಗೊತ್ತಿಲ್ಲ ಅಂತಲ್ಲ. 2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ಅಂತ ನಮ್ಮ ಹುಡುಗನ ಮನೆಯವರಿಗೆ 60 ಸಾವಿರ ದಂಡ ಹಾಕಿದ್ರು. ಆ ತಾಯಿ ಮನೆಯಿಂದ ದೇವರ ಪಟಗಳನ್ನ ತೆಗೆದು ಬಾಬಾಸಾಹೇಬರ ಫೋಟೊ ಇಟ್ಟರು. ಅದೇ ವರ್ಷ ರಾಯಚೂರಿನ ನ್ಯಾಯಾಲಯದ ಗಣರಾಜ್ಯೋತ್ಸವದಲ್ಲಿ ಬಾಬಾಸಾಹೇಬರ ಫೋಟೊ ತೆಗೆಸಿದ್ರು ಅನ್ನೋ ಸುದ್ದಿಗೆ ಬೆಂಗಳೂರಿನ ರಸ್ತೆಗಳು ನೀಲಿಯಾದವು. ಅವರ ಒಂದು ಫೋಟೊಗೆ ಇಷ್ಟು ಹೋರಾಡೋ ನಾವು, ನಮ್ಮ ಅವ್ವಂದಿರ ಒಂದು ಒಳ್ಳೆ ಫೋಟೊ ಉಳಿಸಿಕೊಂಡಿದ್ದೀವಾ?

"ಕಲೆಗೆ ಜಾತಿ ಇಲ್ಲ, ಬೀದಿ ಎಲ್ಲರದ್ದು" ಅಂತ ಕೆಲವರು ಹೇಳ್ತಾರೆ. ಬೀದಿ ಎಲ್ಲರದ್ದಾಗಿದ್ರೆ ಊರು ಬೇರೆ, ಕೇರಿ ಬೇರೆ ಯಾಕಾಯ್ತು ಸ್ವಾಮಿ? ನಗರದ ಹುಡುಗ ಕ್ಯಾಮೆರಾ ಹಿಡಿದು ನಮ್ಮ ಕೇರಿಗೆ ಬಂದ್ರೆ ಕಲಾವಿದ. ನಮ್ಮ ಹುಡುಗ ಮೊಬೈಲ್ ಹಿಡಿದು ಊರೊಳಗಿನ ದೇವಸ್ಥಾನದ ಮುಂದೆ ನಿಂತ್ರೆ "ಯಾರ ಮಗನೋ ನೀನು?" ಅಂತ ವಿಚಾರಣೆ. ಬೀದಿಗೆ ಜಾತಿ ಇದೆ. ಹಾಗಾಗಿ ಬೀದಿಯ ಫೋಟೊಗೂ ಇದೆ.

ಹಾಗಂತ ಹೊರಗಿನವರು ತೆಗೀಲೇಬಾರದು ಅಂತ ನನ್ನ ವಾದ ಅಲ್ಲ. ಕೇಳಿ ತೆಗೀಲಿ, ಹೆಸರು ಬರೀಲಿ. ಆದ್ರೆ ನಮ್ಮ ಕಣ್ಣೂ ಬೇಕು. ಮುಂಬೈನ ಸುಧಾರಕ್ ಓಲ್ವೆ ಪೌರಕಾರ್ಮಿಕರ ಬದುಕನ್ನ ಜೊತೆಗೆ ನಿಂತು ದಾಖಲಿಸಿದ್ರು. ತಮಿಳುನಾಡಿನ ಪಳನಿ ಕುಮಾರ್, ಮೀನು ಮಾರೋ ತಾಯಿಯ ಮಗ, ಮಲಗುಂಡಿಗಳ ಸಾವುಗಳ ಬಗ್ಗೆ ಫೋಟೊ ತೆಗೆದರು. ಜೊತೆಗೆ ದುಡಿಯೋ ಜನರ ಮಕ್ಕಳ ಕೈಗೇ ಕ್ಯಾಮೆರಾ ಕೊಟ್ಟು ಕಲಿಸಿದ್ರು. ದಾರಿ ಅಂದ್ರೆ ಅದು.

ಈಗ ಮೇಲೂರಿನಲ್ಲೂ ಪ್ರತಿ ಹುಡುಗನ ಜೇಬಲ್ಲಿ ಕ್ಯಾಮೆರಾ ಇದೆ. ರೀಲ್ಸ್ ಮಾಡಿ, ಬೇಡ ಅನ್ನಲ್ಲ. ಜೊತೆಗೆ ಇದನ್ನೂ ಮಾಡ್ರಪ್ಪ. ಹಿಪ್ಪುನೇರಳೆ ಸೊಪ್ಪು ಕೊಯ್ಯೋ ಅಕ್ಕನನ್ನ, ಬಿಸಿನೀರಲ್ಲಿ ಕೈ ಅದ್ದಿ ರೇಷ್ಮೆ ನೂಲು ಬಿಚ್ಚೋರನ್ನ ತೆಗೀರಿ. ಅವರು ಕೆಲಸ ಮುಗಿಸಿ ನಗ್ತಾ ಕೂತಾಗಲೂ ತೆಗೀರಿ. ತಮಟೆ ಕಾಯಿಸೋದನ್ನ ತೆಗೀರಿ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ಅದೇ ತಮಟೆಯಿಂದ. ಏಪ್ರಿಲ್ 14ರ ಮೆರವಣಿಗೆಯಲ್ಲಿ ಮುಖಂಡರ ಸೆಲ್ಫಿ ಸಾಕು, ಹಿಂದೆ ಮಗು ಎತ್ತಿಕೊಂಡು ನಡೆಯೋ ಹೆಂಗಸರ ಕಡೆ ತಿರುಗಿ. ಬೆಂಗಳೂರಿನ ಶೀಟ್ ಮನೆಗಳಲ್ಲಿರೋ ನಮ್ಮ ನಂಟರನ್ನ ಹಬ್ಬದ ಬಟ್ಟೆಯಲ್ಲಿ ನಿಲ್ಲಿಸಿ ತೆಗೀರಿ.

ಹಳೆ ಟ್ರಂಕುಗಳಲ್ಲಿ ದಲಿತ ಸಂಘರ್ಷ ಸಮಿತಿ ಕಾಲದ ಜಾಥಾದ ಫೋಟೊ, ಮದುವೆ ಆಲ್ಬಂ ಹುಳ ತಿಂತಾ ಬಿದ್ದಿರುತ್ತೆ. ಅವನ್ನ ಮೊಬೈಲಲ್ಲಿ ಪ್ರತಿ ಮಾಡಿ ಇಟ್ಕೊಳ್ಳಿ. ಫೋಟೊದಲ್ಲಿರೋರು ಯಾರು, ಯಾವ ಊರು, ಯಾವ ವರ್ಷ ಅಂತ ಗುರುತಿಸೋ ಹಿರಿಯರು ಇನ್ನೂ ಇರೋವಾಗಲೇ ಕೇಳಿ ಬರ್ಕೊಳ್ಳಿ.

ಪೌರಕಾರ್ಮಿಕರ ಮಗಳೊಬ್ಬಳು ನಾಳೆ ಅವ್ವನ ಫೋಟೊ ಹುಡುಕಿದ್ರೆ, ಅವಳಿಗೆ ಅವ್ವನ ಮುಖ ಸಿಗಬೇಕು, ಅದರ ಕೆಳಗೆ ಅವ್ವನ ಹೆಸರು ಸಿಗಬೇಕು.

ಜೈಭೀಮ್.