ಬಿಸಿಲು ಸಾಲದ ಊರಿನ ದ್ರಾಕ್ಷಿ

ಮಾರ್ಚ್ 21ರ ಸುಮಾರಿಗೆ, ಮಧ್ಯಾಹ್ನ ಹನ್ನೆರಡೂವರೆಗೆ, ದಾವಣಗೆರೆಯ ಸರಸ್ವತಿ ನಗರದ ಯಾವುದಾದರೂ ತಾರಸಿಯ ಮೇಲೆ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ನೆರಳು 26 ಸೆಂಟಿಮೀಟರ್, ಗೇಣಿಗಿಂತ ತುಸು ಹೆಚ್ಚು. ಅದೇ ದಿನ ಜರ್ಮನಿಯ ಮೋಸೆಲ್ ನದಿಯ ದಡದಲ್ಲಿರುವ ಬರ್ನ್‌ಕಾಸ್ಟೆಲ್‌ನಲ್ಲಿ, ಅಲ್ಲಿನ ನಡುಹಗಲಲ್ಲಿ, ಅದೇ ಕೋಲಿನ ನೆರಳು ಕೋಲಿಗಿಂತಲೂ ಉದ್ದ: 1.19 ಮೀಟರ್. ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯನ್ನು ಅಲ್ಲಿನ ಕುಟುಂಬಗಳು ನಿಲ್ಲಲೂ ಕಷ್ಟವಾಗುವ ಕಲ್ಲುಗುಡ್ಡದ ಮೇಲೆ ಯಾಕೆ ಬೆಳೆಯುತ್ತವೆ, ಹರಿಹರದ ಆಚೀಚೆ ಅದನ್ನು ಬೆಳೆಯುವುದು ಯಾಕೆ ಕಷ್ಟ ಎಂಬುದಕ್ಕೆ ಬಹುಪಾಲು ಉತ್ತರ ಈ ನೆರಳಿನಲ್ಲೇ ಸಿಗುತ್ತದೆ.

ಮೋಸೆಲ್ ಕಣಿವೆ ಇರುವುದು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ, ಸಪಾಟು ನೆಲದ ಮೇಲೆ ತೆಳ್ಳಗೆ ಹರಡಿಹೋಗುತ್ತದೆ. ದಕ್ಷಿಣಕ್ಕೆ ಮುಖಮಾಡಿ 30 ಡಿಗ್ರಿ ವಾಲಿದ ಗುಡ್ಡಕ್ಕಾದರೆ ಅದೇ ಬಿಸಿಲು ಹೆಚ್ಚು ನೇರವಾಗಿ ತಾಕುತ್ತದೆ. ಮಾರ್ಚ್‌ನ ಆ ನಡುಹಗಲಿನ ಲೆಕ್ಕ ಹಾಕಿದರೆ ಸಪಾಟು ನೆಲಕ್ಕಿಂತ ಸುಮಾರು ಒಂದೂವರೆ ಪಟ್ಟು. ಹಾಗಾಗಿ ಬ್ರೆಮ್ ಎಂಬ ಹಳ್ಳಿಯಲ್ಲಿ 65 ಡಿಗ್ರಿಯಷ್ಟು ಕಡಿದಾದ ಗುಡ್ಡವನ್ನೂ ಜನ ಬಿಟ್ಟಿಲ್ಲ. ಕಂದು-ನೀಲಿ ಸ್ಲೇಟು ಕಲ್ಲಿನ ಚಕ್ಕೆಗಳು ಹಗಲು ಕಾದು ಇರುಳಲ್ಲಿ ಆ ಶಾಖವನ್ನು ಬಳ್ಳಿಗೆ ಬಿಡುತ್ತವೆ. ಮಳೆನೀರು ಚಕ್ಕೆಗಳ ಸಂದಿಯಲ್ಲಿ ಇಳಿದುಹೋಗುವುದರಿಂದ ಬೇರಿಗೆ ಆಳಕ್ಕೆ ಹೋಗದೆ ವಿಧಿಯಿಲ್ಲ. ಕೆಳಗಿನ ನದಿಯೂ ಒಂದಿಷ್ಟು ಬೆಳಕನ್ನು ಮೇಲಕ್ಕೆ ಹೊಡೆಯುತ್ತದೆ. ವೇಲನ್ ಎಂಬಲ್ಲಿ ತೋಟದಾಳುಗಳಿಗೆ ಹೊತ್ತು ತಿಳಿಯಲೆಂದು ಯೋಡೋಕುಸ್ ಪ್ರೂಮ್ 1842ರಲ್ಲಿ ಗುಡ್ಡದ ನಡುವೆಯೇ ಒಂದು ಸೂರ್ಯಗಡಿಯಾರ ಕಟ್ಟಿಸಿದ. ಗಡಿಯಾರಕ್ಕೆ ಚೆನ್ನಾಗಿ ಬಿಸಿಲು ಬೀಳುವ ಜಾಗವೇ ದ್ರಾಕ್ಷಿಗೂ ಒಳ್ಳೆಯದು. ಇವತ್ತು ಆ ತೋಟದ ಹೆಸರೇ ಸೂರ್ಯಗಡಿಯಾರ.

ರೀಸ್ಲಿಂಗ್ ತಡವಾಗಿ ಹಣ್ಣಾಗುವ ತಳಿ. 1435ರ ಜರ್ಮನಿಯ ಒಂದು ಲೆಕ್ಕದ ಕಡತದಲ್ಲೇ ಅದರ ಹೆಸರಿದೆ. ಜೂನ್‌ನಲ್ಲಿ ಹೂಬಿಟ್ಟು ಅಕ್ಟೋಬರ್‌ವರೆಗೂ ನಿಧಾನವಾಗಿ ಮಾಗುವ ಅವಧಿಯಲ್ಲಿ ಸಕ್ಕರೆ ಏರುತ್ತದೆ, ತಂಪಿರುಳುಗಳು ಹುಳಿಯನ್ನು ಕಾಪಾಡುತ್ತವೆ. ಇದರಲ್ಲಿ ಹುಳಿಯೇ ಮುಖ್ಯ. ಮೋಸೆಲ್‌ನ ಎಷ್ಟೋ ವೈನುಗಳಲ್ಲಿ ಸಕ್ಕರೆಯನ್ನು ಪೂರ್ತಿ ಹುದುಗಿಸದೆ ಸ್ವಲ್ಪ ಉಳಿಸುತ್ತಾರೆ, ಮದ್ಯಾಂಶ ಶೇ 8ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಹುಳಿ ಇಲ್ಲದಿದ್ದರೆ ಅದು ಬರೀ ಶರಬತ್ತು. ಇನ್ನು ಸ್ಲೇಟಿನ ರುಚಿಯೇ ಲೋಟಕ್ಕೆ ಬರುತ್ತದೆ ಎಂಬ ಮಾತನ್ನು ಮಾರುವವರು ಹೇಳಿಕೊಳ್ಳಲಿ. ಬೇರು ಹೀರುವುದು ನೀರಿನಲ್ಲಿ ಕರಗಿದ ಪೋಷಕಾಂಶವನ್ನು, ಕಲ್ಲಿನ ವಾಸನೆಯನ್ನಲ್ಲ. ಕಲ್ಲಿನ ಕೆಲಸ ಶಾಖ ಮತ್ತು ನೀರಿನ ಲೆಕ್ಕದಲ್ಲಿ ಮುಗಿಯುತ್ತದೆ.

ಕಲ್ಲಿನ ಮಾತಿಗೆ ಬಂದರೆ ನಾವೇನೂ ಬಡವರಲ್ಲ. ತುಂಗಭದ್ರೆಯ ಆಚೆಯ ರಾಣೆಬೆನ್ನೂರಿನಿಂದ ಚಿತ್ರದುರ್ಗದ ಜೋಗಿಮಟ್ಟಿಯವರೆಗೆ ಹಬ್ಬಿರುವುದು ಧಾರವಾಡ ಶಿಲಾಸಮೂಹ. ಪದರಪದರವಾಗಿ ಸೀಳುವ, ಸ್ಲೇಟಿನ ಹತ್ತಿರದ ನೆಂಟ ಕಲ್ಲುಗಳು ಅದರಲ್ಲಿ ಬೇಕಾದಷ್ಟಿವೆ. ಮೋಸೆಲ್ ಸ್ಲೇಟಿಗೆ ಸುಮಾರು 40 ಕೋಟಿ ವರ್ಷ, ನಮ್ಮದಕ್ಕೆ 250 ಕೋಟಿಗೂ ಮೇಲೆ. ಗುಡ್ಡಗಳೂ ಇವೆ. ಆದರೆ ಹರಿಹರದ ಸಪಾಟು ಹೊಲಕ್ಕೇ, ಮಾರ್ಚ್‌ನಲ್ಲಿ, ಆ ಜರ್ಮನ್ ಗುಡ್ಡ ವಾಲಿ ಪಡೆಯುವುದಕ್ಕಿಂತ ನೇರವಾದ ಬಿಸಿಲು ಬೀಳುತ್ತದೆ. ಏಪ್ರಿಲ್ ಕೊನೆಯಲ್ಲಂತೂ ಸೂರ್ಯ ನೆತ್ತಿಯ ಮೇಲೇ. ಇಲ್ಲಿ ಗುಡ್ಡ ಹತ್ತಿ ಬಿಸಿಲು ಗಳಿಸುವ ಅಗತ್ಯವಿಲ್ಲ, ಅದರಿಂದ ತಪ್ಪಿಸಿಕೊಳ್ಳುವುದೇ ಕೆಲಸ. ಸೆಕೆಯಲ್ಲಿ ಹಣ್ಣು ತನ್ನ ಹುಳಿಯನ್ನು ತಾನೇ ಉಸಿರಾಡಿ ಸುಟ್ಟುಕೊಳ್ಳುತ್ತದೆ, ಸಕ್ಕರೆ ಮಾತ್ರ ಬೇಗ ಏರುತ್ತದೆ. ರೀಸ್ಲಿಂಗ್‌ಗೆ ಇದಕ್ಕಿಂತ ಕೆಟ್ಟ ಹವೆ ಇಲ್ಲ.

ಹಾಗಾದರೆ ಕರ್ನಾಟಕದಲ್ಲಿ ವೈನ್ ದ್ರಾಕ್ಷಿ ಬೆಳೆದವರು ಏನು ಮಾಡಿದರು? ಕಾಲವನ್ನು ಬದಲಿಸಿದರು. ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ, ಬಿಟ್ಟರೆ ವರ್ಷವಿಡೀ ಹಸಿರು. ಅದಕ್ಕೇ ಎರಡು ಸಲ ಚಾಟ್ನಿ (ಕಡ್ಡಿ ಸವರುವುದು): ಏಪ್ರಿಲ್ ಸುಮಾರಿಗೆ ಕಡ್ಡಿ ಬಲಿಯಲು ಒಂದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ ಇನ್ನೊಂದು. ಇದರಿಂದ ಹಣ್ಣು ಮಾಗುವ ದಿನಗಳು ಒಣಹವೆಯ, ಇರುಳು ತಂಪಿರುವ ಚಳಿಗಾಲಕ್ಕೆ ಸರಿದು, ಕೊಯ್ಲು ಫೆಬ್ರವರಿ-ಮಾರ್ಚ್‌ಗೆ ಬರುತ್ತದೆ. ಜೊತೆಗೆ ಎತ್ತರದ ಜಾಗ ಹುಡುಕಿದರು. ಕನ್ವಲ್ ಗ್ರೋವರ್ 1988ರಲ್ಲಿ ನಂದಿ ಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಕಡೆ, ಫ್ರಾನ್ಸಿನ ಜಾರ್ಜ್ ವೆಸೆಲ್ ಅವರ ಸಲಹೆಯೊಂದಿಗೆ ತೋಟ ಎಬ್ಬಿಸಿದಾಗ ಹತ್ತಾರು ಫ್ರೆಂಚ್ ತಳಿಗಳನ್ನು ನೆಟ್ಟು ನೋಡಿ ಕೆಲವನ್ನಷ್ಟೇ ಉಳಿಸಿಕೊಂಡರು. ಕೊನೆಗೆ ಹೆಸರು ತಂದುಕೊಟ್ಟದ್ದು ಕ್ಯಾಬರ್ನೆ, ಶಿರಾಜ್‌ನಂಥ ಕೆಂಪು ತಳಿಗಳು. ಮಗ ಕಪಿಲ್, ಮೊಮ್ಮಗ ಕರಣ್ ಮುಂದುವರಿಸಿದ ಈ ಕುಟುಂಬದ ಉದ್ಯಮ 2012ರಲ್ಲಿ ನಾಸಿಕ್ ಕಡೆಯ ಕಂಪನಿಯೊಂದಿಗೆ ಕೂಡಿ ಗ್ರೋವರ್ ಜಂಪಾ ಆಯಿತು. ದಾವಣಗೆರೆಗೆ ಇನ್ನೂ ಹತ್ತಿರದ್ದು ಕೊಪ್ಪಳ ಜಿಲ್ಲೆಯ ಕೃಸ್ಮಾ ವೈನರಿ. ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಅಲ್ಲಿನ ಕಲ್ಲುನೆಲದಲ್ಲಿ ಬೆಳೆದು ಹೆಸರಾಗಿರುವುದೂ ಮುಖ್ಯವಾಗಿ ಕ್ಯಾಬರ್ನೆಗೇ.

ಇವೆಲ್ಲ ಬೇರೆ ಉದ್ಯಮದಲ್ಲಿ ಗಳಿಸಿದವರು ಕಟ್ಟಿದ ತೋಟಗಳು ಎಂಬುದನ್ನು ಮರೆಯಬಾರದು. ಮೋಸೆಲ್‌ನ ಕುಟುಂಬಗಳದು ಬೇರೆ ಬಗೆ. ನೆಪೋಲಿಯನ್ ಕಾಲದ ಕಾನೂನು ಮಕ್ಕಳಿಗೆಲ್ಲ ಸಮಪಾಲು ಎಂದದ್ದರಿಂದ ಅಲ್ಲಿ ತೋಟಗಳು ತುಂಡುತುಂಡಾದವು. ನಮ್ಮ ಅಣ್ಣತಮ್ಮಂದಿರ ಪಾಲಿನ ಕಥೆಯೇ. ಆ ಸೂರ್ಯಗಡಿಯಾರದ ಪ್ರೂಮ್ ಮನೆತನದ ಆಸ್ತಿಯೂ 1911ರಲ್ಲಿ ಹಂಚಿಹೋಗಿ, ಅದರಿಂದಲೇ ಇವತ್ತಿನ ಪ್ರಸಿದ್ಧ ಯೋಹಾನ್ ಯೋಸೆಫ್ ಪ್ರೂಮ್ ವೈನರಿ ಹುಟ್ಟಿತು. ಟ್ರಾಕ್ಟರ್ ಹತ್ತದ ಗುಡ್ಡದಲ್ಲಿ ಪ್ರತಿ ಬಳ್ಳಿಯನ್ನೂ ಒಂದು ಗೂಟಕ್ಕೆ ಕಟ್ಟಿ, ಜಾರಿಬಿದ್ದ ಸ್ಲೇಟನ್ನು ಬೆನ್ನ ಮೇಲೆ ಹೊತ್ತು ಮೇಲಕ್ಕೆ ಒಯ್ದವರು ಮನೆಮಂದಿ. ಕೂಲಿ ಲೆಕ್ಕ ಹಾಕಿದ್ದರೆ ಎಷ್ಟೋ ಗುಡ್ಡಗಳನ್ನು ಎಂದೋ ಕೈಬಿಡುತ್ತಿದ್ದರು. ಈಗ ಬಿಡುತ್ತಲೂ ಇದ್ದಾರೆ. ಮೇಲಾಗಿ ಹವೆಯೂ ಬದಲಾಗುತ್ತಿದೆ. ಮೈನಸ್ 7 ಡಿಗ್ರಿಯಲ್ಲಿ ಹೆಪ್ಪುಗಟ್ಟಿದ ಹಣ್ಣಿನಿಂದ ತೆಗೆಯುವ ಐಸ್ ವೈನ್ 2019ರ ಬೆಳೆಗೆ ಇಡೀ ಜರ್ಮನಿಯಲ್ಲೇ ಕೈಕೊಟ್ಟಿತು. ಹಿಂದೆ ಯಾರೂ ಕೇಳದ ತಣ್ಣನೆಯ ಪಕ್ಕದ ಕಣಿವೆಗಳಿಗೆ ಈಗ ಬೇಡಿಕೆ.

ನಮ್ಮ ಜಿಲ್ಲೆಯಲ್ಲಿ ಯಾರಿಗಾದರೂ ವೈನ್ ದ್ರಾಕ್ಷಿಯ ಆಸೆ ಹುಟ್ಟಿದರೆ ಭದ್ರಾ ನಾಲೆಯ ಗದ್ದೆಗಿಂತ ಜಗಳೂರಿನ ಒಣನೆಲ ವಾಸಿ. ನೀರು ಹೆಚ್ಚಾದರೆ ಬಳ್ಳಿ ಎಲೆಗೆ ಹೋಗುತ್ತದೆ, ಹಣ್ಣು ಸಪ್ಪೆಯಾಗುತ್ತದೆ. ಕೆಂಪು ತಳಿಯಿರಲಿ, ರೀಸ್ಲಿಂಗ್ ಬೇಡ. 2007ರ ರಾಜ್ಯದ ವೈನ್ ನೀತಿ ದಾರಿಯನ್ನು ಸುಲಭ ಮಾಡಿದ್ದು ನಿಜ. ಆದರೆ ಗಿಡ ನೆಡುವ ಮೊದಲು ಕೊಳ್ಳುವ ವೈನರಿಯ ಸಹಿ ಕೈಯಲ್ಲಿರಬೇಕು. ಈ ದ್ರಾಕ್ಷಿ ಸಣ್ಣದು, ಬೀಜದ್ದು, ದಪ್ಪ ಸಿಪ್ಪೆಯದು. ಹಣ್ಣಿನಂಗಡಿಯಲ್ಲಿ ಯಾರೂ ಕೇಳುವುದಿಲ್ಲ. 2008ರ ಆರ್ಥಿಕ ಹಿಂಜರಿತದ ನಂತರ ವೈನರಿಗಳು ಖರೀದಿ ತಗ್ಗಿಸಿದಾಗ ನಾಸಿಕ್‌ನ ಅನೇಕ ರೈತರು ಬೆಳೆದುನಿಂತ ವೈನ್ ಬಳ್ಳಿಗಳನ್ನು ಕಿತ್ತು ತಿನ್ನುವ ದ್ರಾಕ್ಷಿಗೆ ಮರಳಬೇಕಾಯಿತು.