ಮೂಗು ಮುಚ್ಚಿಕೊಳ್ಳದ ವಿದ್ಯಾರ್ಥಿ ಬೇಕು

ಪರಿಸರರಕ್ಷಣೆಯನ್ನೇ ಜೀವನವೃತ್ತಿಯಾಗಿ ಕೈಕೊಳ್ಳಬೇಕೆಂದು ಹಂಬಲಿಸುವ ತರುಣರನ್ನು ಕಂಡಾಗಲೆಲ್ಲ ನನಗೆ ಹರ್ಷದೊಡನೆ ಕಿಂಚಿತ್ ಆತಂಕವೂ ಉಂಟಾಗುವುದು. ಅವರ ಕಲ್ಪನೆಯಲ್ಲಿ ಪರಿಸರವೆಂಬುದು ಬಹುಮಟ್ಟಿಗೆ ಹುಲಿಯಲ್ಲಿಯೂ ಆನೆಯಲ್ಲಿಯೂ ದುರ್ಗಮವಾದ ಅರಣ್ಯಗಳಲ್ಲಿಯೂ ನೆಲೆಸಿರುತ್ತದೆ. ಕಲ್ಕತ್ತೆಯ ಡಮ್ ಡಮ್‌ನಲ್ಲಿ ವಿಮಾನಗಳ ಗರ್ಜನೆ ಕೇಳುತ್ತ ಬೆಳೆದ ವಿದ್ಯಾರ್ಥಿಯೊಬ್ಬನು ಇಂಥ ಹಂಬಲವನ್ನು ಹೊತ್ತನೆಂದರೆ ಅವನ ದೃಷ್ಟಿ ಸುಂದರವನದತ್ತ ಹರಿಯುವುದು ಸಹಜ. ಸಮೀಪದಲ್ಲಿಯೇ ಕಪ್ಪಗೆ ಹರಿಯುವ ಬಾಗ್‌ಜೋಲಾ ಕಾಲುವೆಯನ್ನು ಅವನು ಮೂಗು ಮುಚ್ಚಿಕೊಂಡು ದಾಟುವನು.

ಆ ಮೂಗಿನ ಮೇಲಿನ ಕೈಯನ್ನು ತೆಗೆಯಬೇಕೆಂಬುದೇ ನನ್ನ ಬಿನ್ನಹ.

ನಗರದ ಕೊಳಚೆ ಎಲ್ಲಿಗೆ ಹೋಗಿ ಏನಾಗುತ್ತದೆಂಬ, ಗೌರವಸ್ಥರು ಎತ್ತಲು ನಾಚುವ ಪ್ರಶ್ನೆಯ ಬೆನ್ನು ಹತ್ತಿ, ಸರ್ಕಾರಿ ಇಂಜಿನಿಯರಾಗಿದ್ದ ಧ್ರುವಜ್ಯೋತಿ ಘೋಷ್ ಅವರು ಎಂಬತ್ತರ ದಶಕದಲ್ಲಿ ಕಲ್ಕತ್ತೆಯ ಪೂರ್ವದ ಅಂಚಿಗೆ ನಡೆದರು. ಅಲ್ಲಿಯ ಬೆಸ್ತರು ‘ಭೇರಿ’ಗಳೆಂಬ ಆಳವಿಲ್ಲದ ಕೆರೆಗಳಲ್ಲಿ ಕೊಳಚೆನೀರನ್ನು ತಂಗಿಸಿ, ಬಿಸಿಲಿಗೊಡ್ಡಿ, ಅದರಲ್ಲಿ ಹುಟ್ಟುವ ಪಾಚಿಯನ್ನು ರೋಹು, ಕಟ್ಲಾ ಮೀನುಗಳಿಗೆ ಉಣಿಸಿ, ತಿಳಿಯಾದ ನೀರನ್ನು ಗದ್ದೆಗಳಿಗೆ ಹಾಯಿಸುತ್ತಿದ್ದರು. ಬಹುವೆಚ್ಚದ ಯಂತ್ರಾಗಾರದ ಕಾರ್ಯವನ್ನು ಸೂರ್ಯನೂ ಮೀನೂ ತಲೆಮಾರುಗಳ ಅನುಭವವೂ ಕೂಡಿ ನಡೆಸಿಕೊಂಡು ಬಂದಿದ್ದವು. ಘೋಷರು ಇದನ್ನು ಕಂಡುಹಿಡಿದವರಲ್ಲ. ಬೆಸ್ತರಿಗೆ ಶಿಷ್ಯರಾಗಿ ಅರಿತು ಲೋಕಕ್ಕೆ ಅರುಹಿದವರು. ಈ ಭೂಮಿಯ ಬಳಕೆಯನ್ನು ಬದಲಿಸಕೂಡದೆಂದು ಕಲ್ಕತ್ತಾ ಹೈಕೋರ್ಟು 1992ರಲ್ಲಿ ವಿಧಿಸಿತು. 2002ರಲ್ಲಿ 12,500 ಹೆಕ್ಟೇರುಗಳ ಈ ಜೌಗುಪ್ರದೇಶ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಘೋಷರು 2018ರಲ್ಲಿ ತೀರಿಕೊಂಡರು. ಕೆರೆಗಳನ್ನು ಮುಚ್ಚಿ ಮನೆ ಕಟ್ಟುವವರ ಆಸೆ ಮಾತ್ರ ಇನ್ನೂ ತೀರಿಲ್ಲ.

“ಇದರಲ್ಲಿ ಅನ್ನವೆಲ್ಲಿದೆ?” ಎಂದು ತಂದೆತಾಯಿಗಳು ಕೇಳುವುದು ತಪ್ಪಲ್ಲ, ಹೊಟ್ಟೆಯನ್ನು ಮರೆಸುವ ಆದರ್ಶವನ್ನು ನಾನೂ ನಂಬುವವನಲ್ಲ. ಆದರೆ ಘೋಷರು ಇಂಜಿನಿಯರಾಗಿ ಸಂಬಳ ಪಡೆಯುತ್ತಲೇ ಈ ಕೆಲಸ ಮಾಡಿದರು. ನಮ್ಮ ಉಲ್ಲಾಸ ಕಾರಂತರೂ ಹುಲಿಗಳನ್ನು ಎಣಿಸಲು ಹೊರಡುವ ಮುನ್ನ ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವರೇ. ಗಣಿತ, ರಸಾಯನ, ಕಾನೂನು, ಯಾವುದನ್ನು ಕಲಿತರೂ ಆಗಬಹುದು. ಕಲಿತದ್ದನ್ನು ಕಾಲುವೆಯ ದಡಕ್ಕೆ ಒಯ್ಯುವ ಮನಸ್ಸಿರಬೇಕು, ಮತ್ತು ಅಂಥವರಿಗೆ ಉದ್ಯೋಗ ಕೊಡುವಷ್ಟು ಬುದ್ಧಿ ನಗರಸಭೆಗಳಿಗಿರಬೇಕು.

ಡಮ್ ಡಮ್ ದೂರವೆಂದು ಕನ್ನಡಿಗರು ನಿಶ್ಚಿಂತರಾಗುವಂತಿಲ್ಲ. 2018ರ ಜನವರಿಯಲ್ಲಿ ನಗರದ ಕೊಳಚೆ ತುಂಬಿದ್ದ ಬೆಂಗಳೂರಿನ ಬೆಳ್ಳಂದೂರು ಕೆರೆ ಹೊತ್ತಿ ಉರಿದಾಗ, ಆ ಬೆಂಕಿಯನ್ನು ನಂದಿಸಲು ಸೈನಿಕರು ಬರಬೇಕಾಯಿತು.